ಟಾರ್ಗೆಟ್ ಎಲ್ಲಿಗೂ ಓಡಂಗಿಲ್ಲ

ಕಿತ್ತೂರ ಸೀಮೆಯಲ್ಲಿ ಗುರಿಕಾರ ಅಂದರೆ ಅಮಟೂರ ಬಾಳಪ್ಪ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ್ದು ಬಾಳಪ್ಪನ ಗುಂಡು ಎಂದು ಬೈಲಹೊಂಗಲ ಸುತ್ತಿನ ಜನ ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಪ್ರತಿ ವರ್ಷ ಅದೇ ತಾರೀಖಿಗೆ ಕಿತ್ತೂರು ಉತ್ಸವ ಶುರುವಾಗುತ್ತದೆ. ಆ ಮೂರು ದಿನ ಬಾಳಪ್ಪನ ವೇಷ ಹಾಕಿದ ಹುಡುಗರು ಕಟ್ಟಿಗೆಯ ಬಂದೂಕು ಹಿಡಿದು ಒಂದೇ ಏಟಿಗೆ ಸಾಹೇಬನನ್ನು ಉರುಳಿಸುತ್ತಾರೆ.

ಆ ಏಟಿನ ದೊಡ್ಡತನ ತಿಳಿಯಬೇಕಾದರೆ ಆ ಕಾಲದ ಬಂದೂಕು ಎಂಥದ್ದೆಂದು ತಿಳಿಯಬೇಕು. ಸಾಮಾನ್ಯ ಬಂದೂಕಿನ ನಳಿಗೆ ಒಳಗೆ ನುಣ್ಣಗೆ ಇರುತ್ತಿತ್ತು. ಸೀಸದ ಗುಂಡು ಅದಕ್ಕಿಂತ ಒಂದಿಷ್ಟು ಸಣ್ಣದು. ಹೀಗಾಗಿ ಅದು ನಳಿಗೆಯ ಗೋಡೆಗೆ ಆ ಕಡೆ ಈ ಕಡೆ ಬಡಿಯುತ್ತ ಹೊರಬಿದ್ದು ತನಗೆ ತೋಚಿದ ದಿಕ್ಕು ಹಿಡಿಯುತ್ತಿತ್ತು. ನೂರು ಗಜದ ಆಚೆ ನಿಂತ ಒಬ್ಬ ಮನುಷ್ಯನಿಗೆ ತಾಗಿದರೆ ಅರ್ಧ ಕೈಚಳಕ, ಅರ್ಧ ದೈವ. ಈಗಿನ ಪಿಸ್ತೂಲಿನ ನಳಿಗೆಯೊಳಗೆ ಸುರುಳಿ ಗೀರುಗಳಿವೆ. ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಈಗ ತಪ್ಪಿದರೆ ಅದು ಬಹುಮಟ್ಟಿಗೆ ಹೊಡೆದವನ ತಪ್ಪೇ.

ನಾನು ಇದನ್ನು ಕಲಿತದ್ದು ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ, ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಮಣ್ಣಿನಲ್ಲಿ ಬೋರಲು ಮಲಗಿ. ಐದು ಗುಂಡು ಕೊಟ್ಟಿದ್ದರು. ಅದರಲ್ಲಿ ಎರಡು ಪಕ್ಕದವನ ಟಾರ್ಗೆಟ್‌ಗೆ ಬಿದ್ದು ಅವನಿಗೆ ಏಳು ತೂತು ಬಂದವು. ಹವಾಲ್ದಾರರು ಬೈಯಲಿಲ್ಲ. ಪಕ್ಕಕ್ಕೆ ಬಂದು ಕೂತು, “ತಮ್ಮಾ, ಟಾರ್ಗೆಟ್ ಎಲ್ಲಿಗೂ ಓಡಂಗಿಲ್ಲ. ಅದನ್ಯಾಕ ಅಷ್ಟ ದಿಟ್ಟಿಸಿ ನೋಡ್ತಿ? ಮುಂದಿನ ಸೈಟ್ ನೋಡ” ಅಂದರು. ಪಿಸ್ತೂಲ್ ಶೂಟಿಂಗ್ ಎಂಬ ಆಟದ ಬಗ್ಗೆ ಆಮೇಲೆ ನಾನು ಓದಿದ್ದು, ನೋಡಿದ್ದು ಎಲ್ಲ ಆ ಮಾತಿನ ವಿಸ್ತಾರವೇ.

ಆಟದಲ್ಲಿ ಮೂರು ದೂರಗಳಿವೆ: 10, 25, 50 ಮೀಟರ್. ಮೂರಕ್ಕೂ ಒಂದೇ ಕೈ. ಇನ್ನೊಂದು ಕೈ ಜೇಬಿನಲ್ಲೋ ಬೆಲ್ಟಿನಲ್ಲೋ ಸುಮ್ಮನೆ ಇರಬೇಕು. ದುರ್ಬೀನಿನಂಥ ಸಾಧನ ಕೂಡದು. ಹಿಂದಿನ ಸೈಟ್‌ನ ಚೌಕದ ಸೀಳಿನ ನಡುವೆ ಮುಂದಿನ ಸೈಟ್‌ನ ಚೌಕದ ಗೂಟ, ಎರಡೂ ಪಕ್ಕದಲ್ಲಿ ಸಮನಾದ ಬೆಳಕು, ಮೇಲೆ ಒಂದೇ ಮಟ್ಟ. ಇಷ್ಟೇ ಸಾಮಗ್ರಿ.

10 ಮೀಟರಿನದು ಏರ್ ಪಿಸ್ತೂಲ್. ಗುಂಡಿನ ಅಗಲ 4.5 ಮಿ.ಮೀ., ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು, 75 ನಿಮಿಷದಲ್ಲಿ 60 ಏಟು. ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ., ಅಂದರೆ ಅಂಗಿಯ ಗುಂಡಿಯಷ್ಟು. 50 ಮೀಟರಿನಲ್ಲಿ ಅದೇ ವೃತ್ತ 50 ಮಿ.ಮೀ.; ದೊಡ್ಡ ಲಿಂಬೆಹಣ್ಣು ಅನ್ನಿ. ಹತ್ತಿರದ್ದು ಸಲೀಸು, ದೂರದ್ದು ಕಷ್ಟ ಎಂದು ನೋಡುಗರ ಎಣಿಕೆ. ಆದರೆ ಲೆಕ್ಕ ಹಾಕಿ ನೋಡಿ: 10 ಮೀಟರಿನಲ್ಲಿ ಮೀಟರಿಗೆ 1.15 ಮಿ.ಮೀ., 50ರಲ್ಲಿ ಮೀಟರಿಗೆ 1 ಮಿ.ಮೀ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ನಿಧಾನದ ಸುತ್ತಿನಲ್ಲಿ 25 ಮೀಟರಿಗೂ ಅದೇ 50 ಮಿ.ಮೀ. ವೃತ್ತವಿದ್ದು, ಮೀಟರಿಗೆ 2 ಮಿ.ಮೀ. ಸಿಗುತ್ತದೆ.

ಸೈಟುಗಳ ನಡುವೆ ಸುಮಾರು 30 ಸೆಂ.ಮೀ. ಅಂತರವಿದೆ ಅಂದುಕೊಳ್ಳಿ. ಮುಂದಿನ ಗೂಟ ಸೀಳಿನಲ್ಲಿ ಬರೀ 1 ಮಿ.ಮೀ. ಪಕ್ಕಕ್ಕೆ ವಾಲಿದರೆ ಗುಂಡು 10 ಮೀಟರಿನಲ್ಲಿ 3.3 ಸೆಂ.ಮೀ., 25ರಲ್ಲಿ 8.3, 50ರಲ್ಲಿ 16.7 ಸೆಂ.ಮೀ. ಆಚೆ ಬೀಳುತ್ತದೆ. ಅಂಕದಲ್ಲಿ ಹೇಳುವುದಾದರೆ ಕ್ರಮವಾಗಿ 6, 7, 4. ಅದೇ, ಸೈಟುಗಳೆರಡೂ ಸರಿಯಾಗಿ ಕೂತಿದ್ದು ತೋಳು ಮಾತ್ರ ಇಡಿಯಾಗಿ 1 ಮಿ.ಮೀ. ಪಕ್ಕಕ್ಕೆ ಸರಿದಿದ್ದರೆ? ಗುಂಡು ಎಷ್ಟು ದೂರ ಹೋದರೂ ಆ ತಪ್ಪು 1 ಮಿ.ಮೀ. ಆಗಿಯೇ ಉಳಿಯುತ್ತದೆ. ತೋಳು ಎಲ್ಲರದೂ ನಡುಗುತ್ತದೆ, ಒಲಿಂಪಿಕ್ ಪದಕ ಗೆದ್ದವರದೂ. ನಡುಗುವ ತೋಳನ್ನು ಈ ಆಟ ಕ್ಷಮಿಸುತ್ತದೆ, ವಾಲಿದ ಮಣಿಕಟ್ಟನ್ನು ಕ್ಷಮಿಸುವುದಿಲ್ಲ. ಹವಾಲ್ದಾರರು ಗಣಿತ ಬಿಟ್ಟು ಹೇಳಿದ್ದು ಇದನ್ನೇ. ಮನುಷ್ಯನ ಕಣ್ಣು ಸೈಟನ್ನೂ ಗುರಿಯನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲಾರದು. ಆದ್ದರಿಂದ ಗೂಟದ ಅಂಚು ಚೊಕ್ಕ ಕಾಣಬೇಕು, ದೂರದ ಕಪ್ಪು ಚುಕ್ಕೆ ಮಂಜಾಗಬೇಕು. ಅನೇಕರು ಕಪ್ಪಿನ ನಡುವಿಗೆ ಗುರಿಯಿಡುವುದೇ ಇಲ್ಲ. ಅದರ ಕೆಳಗಿನ ಬಿಳಿಯಲ್ಲಿ ಗೂಟ ನಿಲ್ಲಿಸುತ್ತಾರೆ. ಕಪ್ಪಿನಲ್ಲಿ ಕಪ್ಪು ಗೂಟ ಕಳೆದುಹೋಗುತ್ತದೆ ನೋಡಿ.

ಟ್ರಿಗರಿಗೆ ಕನ್ನಡದಲ್ಲಿ ಕುದುರೆ ಎಂಬ ಹಳೆಯ ಹೆಸರಿದೆ. ಒಳ್ಳೆಯ ಹೆಸರು. ಜಗ್ಗಿದರೆ ಹಾರುತ್ತದೆ, ಸವರಿದರೆ ನಡೆಯುತ್ತದೆ. ಹೊಸಬರ ಗುಂಡು ಬಹಳ ಸಲ ಕೆಳಗೆ ಪಕ್ಕಕ್ಕೆ ಬೀಳುವುದು ಬೆರಳೊಂದನ್ನೇ ಎಳೆಯದೆ ಇಡೀ ಮುಷ್ಟಿ ಬಿಗಿಯುವುದರಿಂದ. ಇದಕ್ಕೆ ಮದ್ದು, ಗುಂಡಿಲ್ಲದ ಅಭ್ಯಾಸ. ನಳಿಗೆ ಖಾಲಿ ಇದೆಯೆಂದು ಎರಡೆರಡು ಸಲ ನೋಡಿಕೊಂಡು, ಬಿಳಿ ಗೋಡೆಗೆ ಮುಖ ಮಾಡಿ ನಿಂತು, ಗುರಿಯೇ ಇಲ್ಲದೆ ಕುದುರೆ ಎಳೆಯುವುದು. ಕ್ಲಿಕ್ ಅಂದಾಗ ಮುಂದಿನ ಗೂಟ ಕದಲಿತೇ ಎಂಬುದೊಂದನ್ನೇ ಗಮನಿಸುವುದು. ನೋಡುವವರಿಗೆ ಹುಚ್ಚು ಅನ್ನಿಸಬಹುದು.

25 ಮೀಟರಿನ ಕಷ್ಟ ಬೇರೆ. ಅಲ್ಲಿ ಶತ್ರು ಗಡಿಯಾರ. ಪಿಸ್ತೂಲು ಪಾಯಿಂಟ್ ಟೂ ಟೂ, ಟ್ರಿಗರ್ ತೂಕ ಒಂದು ಕಿಲೋ, ಜೊತೆಗೆ ಹಿಂದಕ್ಕೆ ಒದೆತ. ಮಹಿಳೆಯರ ಸ್ಪರ್ಧೆಯ 60 ಏಟುಗಳಲ್ಲಿ ಅರ್ಧ ನಿಧಾನದವು, ಅರ್ಧ ಬಿರುಸಿನವು. ಬಿರುಸಿನ ಸುತ್ತಿನಲ್ಲಿ ತೋಳು ಕೆಳಗಿರಬೇಕು. 3 ಸೆಕೆಂಡಿನೊಳಗೆ ಎತ್ತಿ ಒಂದು ಗುಂಡು ಹಾರಿಸಬೇಕು, 7 ಸೆಕೆಂಡು ಬಿಟ್ಟು ಮತ್ತೊಂದು. ಗಂಡಸರ ರ‍್ಯಾಪಿಡ್ ಫೈರ್‌ನಲ್ಲಿ ಐದು ಟಾರ್ಗೆಟ್‌ಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. ಸವದತ್ತಿ, ರಾಮದುರ್ಗದ ಕಡೆ ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕವಣೆ ಬೀಸಿದವರಿಗೆ ಇದರ ಲಯ ಬೇಗ ತಿಳಿದೀತು. ಅವರು ಕಲ್ಲು ಬಿಡುವ ಕ್ಷಣವನ್ನು ಲೆಕ್ಕ ಹಾಕುವುದಿಲ್ಲ, ಬೀಸಿನ ಓಟದಲ್ಲೇ ಬಿಡುತ್ತಾರೆ.

50 ಮೀಟರಿನಲ್ಲಿ ಗುಂಡು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹೊತ್ತು ಗಾಳಿಯಲ್ಲಿರುತ್ತದೆ. ಅಷ್ಟರಲ್ಲಿ ಮುಕ್ಕಾಲು ಗೇಣಿನಷ್ಟು ಕೆಳಗಿಳಿಯುತ್ತದೆ. ಸೈಟ್ ತಿರುಪಿ ಅದನ್ನು ಸರಿಪಡಿಸಿಕೊಳ್ಳಬಹುದು. ಬೀಸುಗಾಳಿಗೆ ಅಂಥ ತಿರುಪಿಲ್ಲ. 2016ರ ರಿಯೋ ಬಳಿಕ ಒಲಿಂಪಿಕ್ಸ್‌ನಿಂದ ಈ ಸ್ಪರ್ಧೆಯನ್ನು ತೆಗೆದರು. ನನಗಂತೂ ಅದು ನಷ್ಟವೇ. ಇನ್ನು ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರಿನ ಏರ್ ಪಿಸ್ತೂಲಿನಲ್ಲಿ. ಹಿಂದಿನ ವರ್ಷವಷ್ಟೇ ಅವರ ಮುಖದ ಒಂದು ಬದಿ ಪಾರ್ಶ್ವವಾಯುವಿಗೆ ತುತ್ತಾಗಿತ್ತು. ಕಣ್ಣನ್ನೇ ನಂಬಿದ ಆಟದಲ್ಲಿ ಅದು ಎಂಥ ಏಟೆಂದು ಊಹಿಸಿ. ಏರ್ ಪಿಸ್ತೂಲಿನಲ್ಲಿ ರಾಜ್ಯದ ಇನ್ನೊಂದು ಹೆಸರು ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಕೂಟದಿಂದ ಎರಡು ಬೆಳ್ಳಿ ತಂದವರು: ಒಂದು ತಂಡದ್ದು, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆಗಿನ ಮಿಶ್ರ ಜೋಡಿಯದ್ದು.

ಆಯುಧ ಎಂದ ಕೂಡಲೆ ಈ ಭಾಗದ ಹಿರಿಯರ ದನಿ ಇಳಿಯುವುದಕ್ಕೆ ಇತಿಹಾಸದ ಕಾರಣವಿದೆ. 1857ರ ಹತಾರ ಕಾಯ್ದೆಗೆ ತಿರುಗಿಬಿದ್ದ ಹಲಗಲಿಯ ಬೇಡರ ಕಥೆ ಲಾವಣಿಯಾಗಿ ಮನೆಮನೆಗೆ ಬಂದಿದೆ. ಮರುವರ್ಷ ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದ ಸುರೇಬಾನ ಇದೇ ರಾಮದುರ್ಗ ತಾಲೂಕಿನದು. ಪಾಯಿಂಟ್ ಟೂ ಟೂ ಪಿಸ್ತೂಲಿಗೆ ಇಂದಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ಬೇಕು, ಬೇಕಾದದ್ದೇ. ಕಲಿಯುವವರು 10 ಮೀಟರಿನ ಏರ್ ಪಿಸ್ತೂಲಿನಿಂದ, ತರಬೇತುದಾರರ ಕಣ್ಣೆದುರು ಆರಂಭಿಸುವುದೇ ಕ್ರಮ.

ಆರಂಭದಲ್ಲಿ ನಡುವಿಗೆ ಬಿತ್ತೇ ಎಂದು ನೋಡುವುದೂ ಬೇಡ. ಎನ್‌ಸಿಸಿಯವರು ಗ್ರೂಪಿಂಗ್ ಅನ್ನುತ್ತಾರಲ್ಲ, ಐದೂ ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗಬೇಕು, ಮೂಲೆಯಲ್ಲಿ ಬಿದ್ದಿದ್ದರೂ ಸರಿ. ಗುಂಪು ಬಿಗಿಯಾಗಿದ್ದರೆ ಸೈಟ್ ತಿರುಪಿ ನಡುವಿಗೆ ತರುವುದು ಎರಡು ನಿಮಿಷದ ಕೆಲಸ. ಚದುರಿದ್ದರೆ ತಿರುಪಿಗೆ ಕೈ ಹಚ್ಚಬಾರದು. ನನ್ನ ಪಾಲಿಗೆ ಉಳಿದಿದ್ದ ಮೂರು ತೂತುಗಳನ್ನು ಹವಾಲ್ದಾರರು ಗೇಣು ಹಾಕಿ ಅಳೆದರು. ಒಂದರಿಂದ ಇನ್ನೊಂದಕ್ಕೆ ಗೇಣು ಸಾಲಲಿಲ್ಲ.

ಮರುದಿನ ಮತ್ತೆ ಸಾಲಿನಲ್ಲಿ ಮಲಗಿದೆ. ಉಸಿರು ಅರ್ಧ ಬಿಟ್ಟು ತಡೆದೆ, ಗೂಟ ಚೊಕ್ಕ ಕಂಡಿತು, ಬೆರಳು ಕುದುರೆಯ ಮೇಲಿತ್ತು. ಎಂಟು ಎಣಿಸಿದೆ, ಹತ್ತು ಎಣಿಸಿದೆ, ಗೂಟ ತೇಲತೊಡಗಿತು. ಹೊಡೆಯದೆ ಬಂದೂಕು ಕೆಳಗಿಳಿಸಿ ಉಸಿರು ಬಿಟ್ಟೆ. ಹಿಂದಿನಿಂದ ಹವಾಲ್ದಾರರು, “ಹಾಂ, ಈಗ ಕಲಿಯಾಕ ಹತ್ತಿದಿ” ಅಂದರು.