ನಿಂತ ಗಾಡಿ ನಿಲ್ಲಬೇಕಾದರೆ

ಮೋಟಾರು ಗಾಡಿಯ ವಿಷಯವಾಗಿ ಲೇಖನ ಬರೆಯುವುದಕ್ಕೆ ನನಗೆ ಅಧಿಕಾರವೇನೂ ಇಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪಗಳನ್ನೂ ಸಮಾಸಗಳನ್ನೂ ಹೇಳಿಕೊಟ್ಟವನು ನಾನು. ಆದರೂ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿರುವ ಮಗನ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆದಾಗ, ಅವನು ಮನೆಯಲ್ಲಿಯೇ ಕಟ್ಟುತ್ತಿದ್ದ ಕಾರಿನ ಕೈಬ್ರೇಕಿನ ತಂತಿಯು ನನ್ನನ್ನೂ ಸುತ್ತಿಕೊಂಡಿತು. ಆ ವೃತ್ತಾಂತವನ್ನು ಅರಿಕೆ ಮಾಡುತ್ತೇನೆ.

ಮನೆಯಲ್ಲಿ ಕಾರು ಕಟ್ಟುವುದೆಂದರೆ ನಮ್ಮವರಿಗೆ ವಿನೋದವಾಗಿ ತೋರಬಹುದು. ಆ ದೇಶದಲ್ಲಿ ಇದು ಹಳೆಯ ಹವ್ಯಾಸ. ಕಾಲಿನ್ ಚಾಪ್‌ಮನ್ ಎಂಬವರ ಲೋಟಸ್ ಸೆವೆನ್ ಎಂಬ ಪುಟ್ಟ ಗಾಡಿಯು 1957ರಲ್ಲಿ ಹೊರಬಂದು, ಬಿಡಿ ಭಾಗಗಳ ರೂಪದಲ್ಲಿಯೂ ಮಾರಾಟವಾಯಿತು. ಪೂರ್ಣ ಕಾರಿಗೆ ಬೀಳುತ್ತಿದ್ದ ಖರೀದಿ ತೆರಿಗೆಯು ಬಿಡಿ ಭಾಗಗಳಿಗೆ ಬೀಳುತ್ತಿರಲಿಲ್ಲವಾದುದೇ ಇದಕ್ಕೆ ಮುಖ್ಯ ಕಾರಣ. 1973ರಲ್ಲಿ ತೆರಿಗೆಯ ಕ್ರಮ ಬದಲಾಗಿ ಆ ಲಾಭ ಹೋಯಿತು, ಹವ್ಯಾಸ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬವರು, ಹಳೆಯ ಫೋರ್ಡ್ ಎಸ್ಕಾರ್ಟ್ ಒಂದನ್ನು ಬಿಚ್ಚಿ, 250 ಪೌಂಡುಗಳಲ್ಲಿ ಇಂತಹ ಗಾಡಿಯನ್ನು ಕಟ್ಟಬಹುದೆಂದು ಪುಸ್ತಕವನ್ನೇ ಬರೆದರು. ನನ್ನ ಮಗನು ಹಿಡಿದುದು ಇದೇ ದಾರಿಯನ್ನು. ಖರ್ಚಿನ ಲೆಕ್ಕವನ್ನು ನಾನು ಕೇಳಲಿಲ್ಲ.

ಕಾಲಿನ ಬ್ರೇಕು ದ್ರವದ ಒತ್ತಡದಿಂದ ಕೆಲಸಮಾಡತಕ್ಕದ್ದು. ಇಂತಹ ಗಾಡಿಯ ಕೈಬ್ರೇಕಾದರೋ ಕೇವಲ ತಂತಿಯಿಂದ ನಡೆಯುವುದು. ಸೈಕಲ್ಲಿನ ಬ್ರೇಕ್ ವೈರನ್ನು ಬಲ್ಲವರಿಗೆ ಇದರ ಸ್ವರೂಪ ತಿಳಿದೇ ಇದೆ. 1896ರಲ್ಲಿ ಅರ್ನೆಸ್ಟ್ ಬೌಡನ್ ಎಂಬವರು ಪೇಟೆಂಟು ಪಡೆದ ಉಪಾಯವಿದು: ಒಳಗೆ ಉಕ್ಕಿನ ಎಳೆಗಳನ್ನು ಹೊಸೆದ ಹುರಿ, ಹೊರಗೆ ಸುರುಳಿ ತಂತಿಯ ಕವಚ. ಒಳಗಿನ ಹುರಿಯು ಎಳೆಯುತ್ತದೆ, ಹೊರಗಿನ ಕವಚವು ಎದುರೊತ್ತುತ್ತದೆ. ಆದುದರಿಂದ ಕವಚದ ಎರಡು ತುದಿಗಳೂ ಅಲುಗದಂತೆ ನೆಲೆನಿಲ್ಲಬೇಕು. ಒಂದು ಗಾಡಿಯ ಚೌಕಟ್ಟಿನಲ್ಲಿ, ಇನ್ನೊಂದು ಚಕ್ರದ ಬ್ರೇಕಿನ ತಟ್ಟೆಯಲ್ಲಿ. ಹಾಗಿದ್ದರೆ ಮಾತ್ರ ಚಕ್ರವು ಹಳ್ಳದಿಣ್ಣೆಗಳಲ್ಲಿ ಏರಿಳಿದರೂ ಹುರಿಯ ಬಿಗಿ ಕೆಡುವುದಿಲ್ಲ.

ತೊಡಕು ಬಂದುದು ಉದ್ದದಲ್ಲಿ. ಹಳೆಯ ಕಾರಿಗಿಂತ ಹೊಸ ಗಾಡಿಯು ಗಿಡ್ಡ. ಹಳೆಯ ತಂತಿಯು ಅದಕ್ಕೆ ಉದ್ದವಾಯಿತು. ನನ್ನ ಮಗನು ಕವಚವನ್ನು ಒಂದು ಗೇಣು ಕತ್ತರಿಸಿದನು. ಆಗ ಹುರಿಯು ಅಷ್ಟೇ ಹೆಚ್ಚಾಗಿ ಹೊರಚಾಚಿ ಜೋಲುಬಿದ್ದಿತು. ಕವಚ ಗಿಡ್ಡವಾದರೆ ಹುರಿ ಸಡಿಲ, ಕವಚ ನೀಳವಾದರೆ ಹುರಿ ಬಿಗಿ. ತಿರುಪನ್ನು ಹೊರಕ್ಕೆ ತಿರುಗಿಸಿ ಬ್ರೇಕನ್ನು ಬಿಗಿಮಾಡುವ ಮರ್ಮವೂ ಇದೇ ಎಂಬುದು ನನಗೆ ಆಗ ಹೊಳೆಯಿತು. ಅವನು ಹೆಚ್ಚಾದ ಹುರಿಯನ್ನು ಮಡಿಸಿ, ಪೇಟೆಯಲ್ಲಿ ಸಿಕ್ಕುವ ಕಬ್ಬಿಣದ ಹಿಡಿಕೆಯಿಂದ ಬಿಗಿದು, ಸಮತಟ್ಟಾದ ನೆಲದಲ್ಲಿ ಪರೀಕ್ಷಿಸಿ ತೃಪ್ತನಾದನು.

ಷೆಫೀಲ್ಡ್ ಏರಿಳಿತಗಳ ಊರು. ಅವನ ಮನೆಯ ಮುಂದಿನ ದಾರಿಯೂ ಇಳಿಜಾರೇ. ಆ ಸಂಜೆ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಹೊರಗೆ ಏನೋ ಮುರಿದ ಸದ್ದಾಯಿತು. ಹಿಡಿಕೆಯಿಂದ ಹುರಿಯು ನಿಧಾನವಾಗಿ ಜಾರಿ, ಗಾಡಿಯು ತಾನಾಗಿ ಹಿಂದಕ್ಕೆ ಉರುಳಿ, ಗೋಡೆಗೆ ತಗುಲಿ ನಿಂತಿತ್ತು. ಚಕ್ರದ ಕೆಳಗೆ ಮೊಮ್ಮಗಳ ಮೂರು ಗಾಲಿಯ ಸೈಕಲ್ಲು ನಜ್ಜುಗುಜ್ಜಾಗಿತ್ತು. ಹತ್ತು ನಿಮಿಷಗಳ ಹಿಂದೆ ಅದನ್ನು ಬಿಟ್ಟು ಅವಳು ಒಳಗೆ ಬಂದಿದ್ದಳು. ಯಾರೂ ಮಾತನಾಡಲಿಲ್ಲ. ಸೊಸೆಯು ನನ್ನ ಕಡೆಗೆ ತಿರುಗಿ, “ಮಾವ, ಇದು ನಿಲ್ಲಿಸಿದ ಕಡೆ ನಿಲ್ಲುವ ತನಕ ಮಗು ಇದರ ಹತ್ತಿರ ಹೋಗಕೂಡದು. ನೀವೇ ಅವರಿಗೆ ಹೇಳಿ” ಎಂದಳು. ನಾನು ಹೇಳುವ ಅಗತ್ಯವಿರಲಿಲ್ಲ, ಅವನು ಕೇಳಿಸಿಕೊಂಡಿದ್ದನು.

ಮರುದಿನದಿಂದ ಶೋಧನೆ ನಡೆಯಿತು. ಮೊದಲು ಗುಜರಿಯ ಅಂಗಳ. ಅಲ್ಲಿ ತುದಿ ಹೊಂದಿದರೆ ಉದ್ದ ಹೊಂದದು, ಉದ್ದ ಹೊಂದಿದರೆ ತುದಿ ಹೊಂದದು. ಕಡೆಗೆ, ಅಳತೆ ಕೊಟ್ಟರೆ ತಂತಿಯನ್ನು ಮಾಡಿಕೊಡುವ ಕಾರ್ಯಾಗಾರವೊಂದಕ್ಕೆ ಬರೆಯುವುದೆಂದಾಯಿತು. ಅವರು ತುದಿಗಳನ್ನು ಯಂತ್ರದಿಂದ ಅದುಮಿ ಕೂಡಿಸುತ್ತಾರೆ. ಕವಚದ ಉದ್ದ, ಹುರಿಯ ಉದ್ದ, ತುದಿಗಳ ಆಕಾರ, ಇವಿಷ್ಟನ್ನು ನಾವು ತಿಳಿಸಬೇಕು.

“ಅಣ್ಣ, ಅಳತೆ ನೀನು ತೆಗೆ, ನಿನ್ನ ಕೈ ನಿಧಾನ” ಎಂದನು ಮಗ. (ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎನ್ನುವುದು ವಾಡಿಕೆ.) ನಾನು ದಪ್ಪ ಹುರಿದಾರವನ್ನು ತಂತಿ ಹೋಗುವ ದಾರಿಯಲ್ಲಿಯೇ ಹಾಯಿಸಿ, ಎರಡು ಸಲ ಅಳೆದು ಬರೆದುಕೊಟ್ಟೆನು. ತಂತಿ ಬಂದಿತು, ಸರಿಯಾಗಿ ಕೂಡಿತು. ಆದರೆ ಗಾಡಿಯನ್ನು ಜಾಕಿನಿಂದ ಎತ್ತಿದೊಡನೆ ಹಿಂದಿನ ಅಚ್ಚು ಕೆಳಕ್ಕಿಳಿದು, ಕವಚವು ಬಿಗಿದು, ತನ್ನ ಗೂಡಿನಿಂದ ಕಿತ್ತುಬರುವಂತಾಯಿತು. ಚಕ್ರಗಳು ನೆಲದ ಮೇಲಿದ್ದಾಗ ನಾನು ಅಳೆದಿದ್ದೆನು; ಜೋಲುವಾಗ ದಾರಿ ಉದ್ದವಾಗುವುದನ್ನು ಎಣಿಸಲಿಲ್ಲ. ತಪ್ಪು ನನ್ನದೇ. ಎರಡನೆಯ ಸಲ ಅಚ್ಚನ್ನು ಇಳಿಬಿಟ್ಟು, ಕವಚವು ಎಲ್ಲಿಯೂ ಮುರುಟದೆ ಸಲೀಸಾಗಿ ಬಾಗುವಂತೆ ಅಳೆದಾಗ ನಾಲ್ಕು ಅಂಗುಲ ಹೆಚ್ಚಾಯಿತು. ಎಡಬಲ ಚಕ್ರಗಳಿಗೆ ಎಳೆತವು ಸಮನಾಗಿ ಹಂಚಿಹೋಗಲು ನಡುವೆ ತಕ್ಕಡಿಯ ದಂಡದಂತಹ ಒಂದು ತುಂಡನ್ನೂ ಜೋಡಿಸಿದೆವು.

ಇಂತಹ ಗಾಡಿಗಳನ್ನು ರಸ್ತೆಗಿಳಿಸುವ ಮೊದಲು ಅಲ್ಲಿಯ ಸರ್ಕಾರದವರು ಒಂದೊಂದನ್ನೂ ಪರೀಕ್ಷಿಸುತ್ತಾರೆ. ಆಮೇಲಿನ ವಾರ್ಷಿಕ ಪರೀಕ್ಷೆಯಲ್ಲಿ, ಕಾಲಿನ ಬ್ರೇಕಿಗೆ ಎರಡು ಪ್ರತ್ಯೇಕ ದ್ರವಮಾರ್ಗಗಳಿರುವ ಕಾರಿನ ಕೈಬ್ರೇಕು ಗಾಡಿಯ ತೂಕದ ಶೇಕಡ 16ರಷ್ಟು ಹಿಡಿತ ತೋರಿಸಬೇಕು. 600 ಕಿಲೋ ತೂಕದ ಗಾಡಿಗೆ ಇದು 96 ಕಿಲೋ ಭಾರದಷ್ಟಾಯಿತು. ನಮ್ಮ ಪರೀಕ್ಷೆ ಬೇರೆ ಇತ್ತು: ಗಾಡಿಯನ್ನು ಅದೇ ಇಳಿಜಾರಿನಲ್ಲಿ ನಿಲ್ಲಿಸಿ, ಮಗನೂ ನಾನೂ ಮೂರು ರಾತ್ರಿ ಮಲಗುವ ಮುನ್ನ ಸೀಮೆಸುಣ್ಣದಿಂದ ಚಕ್ರದ ಬುಡದಲ್ಲಿ ಗುರುತು ಹಾಕಿದೆವು. ಮೂರು ಬೆಳಗ್ಗೆಯೂ ಗುರುತು ಅಲ್ಲಿಯೇ ಇತ್ತು.

ನಾಲ್ಕನೆಯ ದಿನ ಸೊಸೆಯು ಮಗುವನ್ನು ತಾನೇ ಎತ್ತಿ ಗಾಡಿಯಲ್ಲಿ ಕೂರಿಸಿದಳು. ಅದಕ್ಕೆ ಮುಂಚೆ, ನಮ್ಮೂರಿನ ತೇರಿನ ಗಾಲಿಗೆ ಮರದ ತುಂಡನ್ನು ಕೊಡುವವರಂತೆ, ಹಿಂದಿನ ಚಕ್ರಕ್ಕೆ ಒಂದು ಇಟ್ಟಿಗೆಯನ್ನು ಒದಗಿಸಿದಳು. ಆ ಇಟ್ಟಿಗೆ ಈಗಲೂ ಅಲ್ಲಿದೆಯಂತೆ.