ಗಾಜಿನ ಬುಡ್ಡಿಯ ಕಾಫಿ

ಊರು ಬಿಟ್ಟು ಬಂದ ನಮ್ಮವರ ಸಾಮಾನಿನಲ್ಲಿ ಮೊದಲು ಜಾಗ ಹಿಡಿದದ್ದು ಕಾಫಿ ಫಿಲ್ಟರು. ಪುಡಿ ಹಾಕಿ, ಕುದಿನೀರು ಸುರಿದು, ಮುಚ್ಚಿಟ್ಟರೆ ಡಿಕಾಕ್ಷನ್ ತಾನಾಗಿ ಇಳಿಯುತ್ತದೆ. ಬಲು ಸಾಧುವಾದ ಪಾತ್ರೆ. ಈಚೆಗೆ ದೊಡ್ಡ ನಗರಗಳ ಕೆಲವು ಕಾಫಿ ಅಂಗಡಿಗಳಲ್ಲಿ ಇನ್ನೊಂದು ಸಲಕರಣೆಯನ್ನು ಓದುಗರು ನೋಡಿರಬಹುದು: ಒಂದರ ಮೇಲೊಂದು ಕೂತ ಎರಡು ಗಾಜಿನ ಬುಡ್ಡಿಗಳು, ಕೆಳಗೊಂದು ಸ್ಪಿರಿಟ್ ದೀಪ. ಇದಕ್ಕೆ ಸೈಫನ್ ಎನ್ನುತ್ತಾರೆ. ನೋಡಲು ಹೊಸದಾದರೂ ವಯಸ್ಸಿನಲ್ಲಿ ಮುತ್ತಜ್ಜಿ. 1830ರ ದಶಕದಲ್ಲಿ ಜರ್ಮನಿಯಲ್ಲಿ ತಲೆದೋರಿ, 1840ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂತು. ಈಗ ಅದನ್ನು ಅಕ್ಕರೆಯಿಂದ ಉಳಿಸಿಕೊಂಡವರು ಜಪಾನೀಯರು.

ಇದರ ಗುಟ್ಟೆಲ್ಲ ಹಬೆಯಲ್ಲಿದೆ. ಕೆಳಗಿನ ಬುಡ್ಡಿಯ ನೀರು ಕಾದಾಗ ಹಬೆ ಹಿಗ್ಗಿ, ನೀರನ್ನು ನಳಿಗೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ದೀಪ ತೆಗೆದೊಡನೆ ಹಬೆ ತಣಿದು ನೀರಾಗುತ್ತದೆ. ಕೆಳಗೆ ಒತ್ತಡ ಕುಗ್ಗುತ್ತದೆ. ಆಗ ಹೊರಗಿನ ಗಾಳಿಯೇ ಕಾಫಿಯನ್ನು ಬಟ್ಟೆಯ ಸೋಸುಬಿಲ್ಲೆಯ ಮೂಲಕ ಕೆಳಕ್ಕೆ ಒತ್ತುತ್ತದೆ. ಚರಟ ಮೇಲೆಯೇ ಉಳಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಮಕ್ಕಳು ಉರುಹೊಡೆಯುವ ವಾಯುಭಾರದ ಪಾಠ ಇಲ್ಲಿ ಕಣ್ಣೆದುರಿಗೇ ಗುಳುಗುಳು ಎನ್ನುತ್ತದೆ!

ಎರಡು ಬಟ್ಟಲಿಗೆ 240 ಮಿಲಿಲೀಟರ್ ನೀರು, 16 ಗ್ರಾಂ ಪುಡಿ ಸಾಕು. ಪುಡಿ ನಮ್ಮ ಫಿಲ್ಟರಿನದಕ್ಕಿಂತ ತುಸು ತರಿಯಾಗಿರಲಿ. ನೀರು ಮೇಲೇರಿದ ಮೇಲೆ ಉರಿ ತಗ್ಗಿಸಿ, ಪುಡಿ ಹಾಕಿ, ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕಲಕಿ, ಸುಮಾರು ಒಂದು ನಿಮಿಷ ಬಿಟ್ಟು ದೀಪ ತೆಗೆಯಿರಿ. ಬುಡ್ಡಿಯ ಹೊರಮೈಯನ್ನು ಒದ್ದೆಯಿಲ್ಲದಂತೆ ಒರೆಸಿಯೇ ಉರಿಯ ಮೇಲಿಡಬೇಕು. ಕೆಳಗಿನ ನೀರು ಪೂರಾ ಆರುವ ತನಕ ಕಾಯಿಸಲೂಬಾರದು. ಎರಡರಲ್ಲಿ ಯಾವುದು ತಪ್ಪಿದರೂ ಗಾಜು ಸೀಳೀತು. ಚಿಕ್ಕಮಕ್ಕಳಿರುವ ಮನೆಯಲ್ಲಿ ದೀಪದ ಬಳಿ ದೊಡ್ಡವರೊಬ್ಬರು ಇರಲೇಬೇಕು.

ಇನ್ನು ರುಚಿ. ಹಾಲು ಬೆರೆಸಿ ನೊರೆ ಬರುವಂತೆ ಎತ್ತಿ ಹೊಯ್ಯಲು ಹೊರಟರೆ ಈ ಕಾಫಿ ನೀರುನೀರಾಗಿ ನಿರಾಶೆ ತರುವುದರಲ್ಲಿ ಸಂದೇಹವಿಲ್ಲ. ಮುಂಜಾನೆಯ ಕಾಫಿಗೆ ಫಿಲ್ಟರನ್ನು ಇದು ಅಲುಗಿಸಲಾರದು. ಅದಕ್ಕಾಗಿಯೇ ದುಬಾರಿ ಗಾಜು ಕೊಳ್ಳುವವರಿಗೆ ಬೇಡವೆಂದೇ ಹೇಳುತ್ತೇನೆ. ಆದರೆ ಇನ್ನೊಂದು ಮಾತಿದೆ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ನಮ್ಮ ಕರ್ನಾಟಕದಲ್ಲಿ. ಚಿಕೋರಿ, ಹಾಲು, ಸಕ್ಕರೆಗಳ ನಡುವೆ ಆ ಬೀಜದ ಸ್ವಂತ ಪರಿಮಳವನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಚಿಕ್ಕಮಗಳೂರಿನದೋ ಕೊಡಗಿನದೋ ಚಿಕೋರಿ ಬೆರೆಸದ ಅರೇಬಿಕಾ ಪುಡಿಯನ್ನು ಹೀಗೆ ಇಳಿಸಿ, ಏನೂ ಬೆರೆಸದೆ, ಸ್ವಲ್ಪ ಆರಿಸಿ ಗುಟುಕರಿಸಿ ನೋಡಿ. ಕಹಿಯ ಹಿಂದೆ ಹಣ್ಣಿನ ಹುಳಿಯಂಥದೊಂದು ನಾಲಿಗೆಗೆ ತಾಕುತ್ತದೆ. ಮನೆಯ ಹಿರಿಯರು ಮೊದಲ ಸಲ ಮೂಗು ಮುರಿದಾರು, ಮುರಿಯಲಿ; ಅವರ ಲೋಟವನ್ನು ಫಿಲ್ಟರಿನಿಂದಲೇ ತುಂಬಿಸಿ.

ಸೋಸುವ ಬಟ್ಟೆಗೆ ಸಾಬೂನು ತಗುಲಿಸಬೇಡಿ, ವಾಸನೆ ಹಿಡಿಯುತ್ತದೆ. ಬಿಸಿನೀರಿನಲ್ಲಿ ಚೆನ್ನಾಗಿ ಜಾಲಿಸಿ, ತಣ್ಣೀರಿನ ಬಟ್ಟಲಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಮುಂದಿನ ಸಲಕ್ಕೆ ಸಿದ್ಧ.