ಗಿಲ್ಡ್ ಎಂಬ ಹೊಸ ಗುಂಪು: ಸೇರುವವರು ತಿಳಿಯಬೇಕಾದ ಮಾತು



ಸಂಜೆ ಹೊತ್ತು ನಮ್ಮ ದುಧನಿಯ ಯಾವುದಾದರೂ ಕಟ್ಟೆಯ ಕಡೆ ನೋಡಿರಿ. ನಾಲ್ಕಾರು ಹುಡುಗರು ಸಾಲಾಗಿ ಕೂತಿರುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆದರೆ ಮಾತು ನಡೆದೇ ಇರುತ್ತದೆ. "ಹಿಂದ ಬಂದಾನ, ಹೊಡಿ!" "ನನ್ನ ಎಬ್ಬಸಲೇ!" ಎಂದು ಕೂಗುತ್ತಾರೆ. ಅವರು ಆಡುವುದು ಆನ್‌ಲೈನ್ ಆಟ. ಅವರ ಬಾಯಲ್ಲಿ ಈಗ ಒಂದು ಹೊಸ ಶಬ್ದ ಬಂದಿದೆ. ಅದೇ 'ಗಿಲ್ಡ್'.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ತಾಯಂದಿರು ಕೇಳುತ್ತಾರೆ: "ಹುಡುಗ ಗಿಲ್ಡ್ ಸೇರೀನಿ ಅಂತಾನ. ಹಂಗಂದ್ರ ಏನ್ರಿ?" ಹೊಸದಾಗಿ ಓದು ಕಲಿತ ಕೆಲವು ತರುಣರು ತಾವೂ ಆಡುತ್ತಾರೆ. ಇಬ್ಬರಿಗೂ ಉಪಯೋಗ ಆಗಲಿ ಎಂದು ಈ ಪಾಠ.

ಗಿಲ್ಡ್ ಎಂದರೆ ಏನು?

ಗಿಲ್ಡ್ ಎಂದರೆ ಒಂದೇ ಆಟ ಆಡುವವರು ಕಟ್ಟಿಕೊಂಡ ಗುಂಪು. 'ಫ್ರೀ ಫೈರ್ ಮ್ಯಾಕ್ಸ್' ಎಂಬ ಆಟದಲ್ಲಿ ಇದಕ್ಕೆ ಗಿಲ್ಡ್ ಎನ್ನುತ್ತಾರೆ. 'ಬಿಜಿಎಂಐ' ಎಂಬ ಆಟದಲ್ಲಿ 'ಕ್ಲ್ಯಾನ್' ಎನ್ನುತ್ತಾರೆ. ಹೆಸರು ಬೇರೆ, ಕೆಲಸ ಒಂದೇ.

ಗುಂಪಿಗೆ ಒಬ್ಬ ಮುಖಂಡ ಇರುತ್ತಾನೆ. ಅವನಿಗೆ 'ಲೀಡರ್' ಎನ್ನುತ್ತಾರೆ. ಅವನ ಕೈಕೆಳಗೆ ಕೆಲವು ಸಹಾಯಕರು. ಉಳಿದವರು ಸದಸ್ಯರು. ಸದಸ್ಯರು ಕೂಡಿ ಆಡಿದರೆ ಗುಂಪಿಗೆ ಅಂಕ ಸಿಗುತ್ತದೆ. ಅಂಕ ಹೆಚ್ಚಾದರೆ ಗುಂಪಿನ ಹೆಸರು ಮೇಲೆ ಬರುತ್ತದೆ.

ಇದು ನಮಗೆ ತೀರ ಹೊಸ ಸಂಗತಿ ಅಲ್ಲ. ನಮ್ಮ ಬಚತ ಗಟ ಹೇಗಿದೆ? ಅಧ್ಯಕ್ಷರು ಇದ್ದಾರೆ, ಕಾರ್ಯದರ್ಶಿ ಇದ್ದಾರೆ, ನಿಯಮ ಇದೆ. ಭಜನಿ ಮೇಳ ಹೇಗಿದೆ? ಹೊಸಬರಿಗೆ ಮೊದಲು ತಾಳ ಕೊಡುತ್ತಾರೆ. ಪೇಟಿ ಆಮೇಲೆ. ಕುಸ್ತಿಯ ತಾಲೀಮು ನೋಡಿರಿ. ಹೊಸ ಹುಡುಗ ಬಂದ ದಿನವೇ ದೊಡ್ಡ ಪೈಲವಾನನ ಸಂಗಡ ಕುಸ್ತಿಗೆ ಇಳಿಯುವುದಿಲ್ಲ. ಮೊದಲು ಕೆಂಪು ಮಣ್ಣು ಹದ ಮಾಡುತ್ತಾನೆ. ದಂಡ, ಬೈಠಕ ಹೊಡೆಯುತ್ತಾನೆ. ವಸ್ತಾದರ ಮಾತು ಕೇಳುತ್ತಾನೆ. ಗಿಲ್ಡಿನಲ್ಲೂ ಹೀಗೇ ನಡೆಯಬೇಕು.

ಒಂದೇ ದೊಡ್ಡ ಫರಕು. ತಾಲೀಮಿನ ವಸ್ತಾದ ಯಾರು, ಅವರ ಮನೆ ಎಲ್ಲಿ ಎಂದು ಊರಿಗೆಲ್ಲ ಗೊತ್ತು. ಗಿಲ್ಡಿನ ಲೀಡರ್ ಯಾರು, ಯಾವ ಊರಿನವನು ಎಂದು ಬಹಳ ಸಲ ಯಾರಿಗೂ ಗೊತ್ತಿರುವುದಿಲ್ಲ. ಈ ಫರಕು ಮರೆಯಬಾರದು.

ಹಳೆಯ ಕಾಲದ ಗಿಲ್ಡ್

ಗಿಲ್ಡ್ ಎಂಬುದು ಹಳೆಯ ಇಂಗ್ಲಿಷ್ ಶಬ್ದ. ವ್ಯಾಪಾರಿಗಳು, ಕುಶಲ ಕೆಲಸಗಾರರು ಕಟ್ಟಿಕೊಂಡ ಸಂಘಕ್ಕೆ ಹಾಗೆ ಕರೆಯುತ್ತಿದ್ದರು. ನಮ್ಮ ಕನ್ನಡ ನಾಡಿನಲ್ಲೂ ಅಂಥ ಸಂಘ ಇತ್ತು. ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ ಐಹೊಳೆ ಎಂಬ ಊರಿದೆ. ಆ ಊರಿನ ಹೆಸರಿನಲ್ಲಿ 'ಅಯ್ಯಾವೊಳೆ ಐನೂರ್ವರು' ಎಂಬ ದೊಡ್ಡ ವ್ಯಾಪಾರಿ ಸಂಘ ಬೆಳೆಯಿತು. ಅವರು ಸಮುದ್ರ ದಾಟಿ ವ್ಯಾಪಾರ ಮಾಡಿದರು. ದೂರದ ಸುಮಾತ್ರಾ ದ್ವೀಪದಲ್ಲಿ 1088ನೇ ಇಸವಿಯ ಒಂದು ಶಾಸನ ಸಿಕ್ಕಿದೆ. ಅದರಲ್ಲಿ ಈ ಐನೂರ್ವರ ಹೆಸರು ಇದೆ.

ಈ ಸಂಘಕ್ಕೆ ತನ್ನದೇ ಕಟ್ಟಳೆ ಇತ್ತು. ಅದಕ್ಕೆ 'ವೀರಬಣಂಜು ಧರ್ಮ' ಎನ್ನುತ್ತಿದ್ದರು. ಅಂದರೆ ಗುಂಪು ಎಂದ ಮೇಲೆ ಕಟ್ಟಳೆ ಬೇಕು. ಕಟ್ಟಳೆ ಇಲ್ಲದ್ದು ಗುಂಪಲ್ಲ, ಗದ್ದಲ.

ಆಟ ಹೇಗೆ ನಡೆಯುತ್ತದೆ?

ಫ್ರೀ ಫೈರ್ ಮ್ಯಾಕ್ಸ್ ಆಟದಲ್ಲಿ 50 ಮಂದಿವರೆಗೆ ಒಂದು ದ್ವೀಪದ ಮೇಲೆ ಇಳಿಯುತ್ತಾರೆ. ಇದು ಚಿತ್ರದ ದ್ವೀಪ, ನಿಜವಾದದ್ದಲ್ಲ. ಅಲ್ಲಿ ಹತಾರ ಹುಡುಕಬೇಕು, ಹೊಡೆದಾಡಬೇಕು. ಕೊನೆವರೆಗೆ ಉಳಿದವರು ಗೆದ್ದಂತೆ. ಒಬ್ಬರೇ ಆಡಬಹುದು, ನಾಲ್ವರು ಕೂಡಿಯೂ ಆಡಬಹುದು. ನಾಲ್ವರು ಕೂಡಿದಾಗ ಒಬ್ಬರ ಮಾತು ಒಬ್ಬರಿಗೆ ಕೇಳಬೇಕು, ನಂಬಿಕೆ ಬೇಕು. ಅದಕ್ಕೇ ಗುಂಪು ಕಟ್ಟುತ್ತಾರೆ.

ಆಟದ ಹೆಸರು ಆಗಾಗ ಬದಲಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ 'ಪಬ್‌ಜಿ ಮೊಬೈಲ್' ಆಟ ಬಂದ್ ಮಾಡಿತು. 2022ರ ಫೆಬ್ರುವರಿಯಲ್ಲಿ 'ಫ್ರೀ ಫೈರ್' ಬಂದ್ ಆಯಿತು. ಬಂದ್ ಆದ ಆಟವನ್ನು ಕೆಲವರು ಬೇರೆ ದಾರಿಯಿಂದ ಫೋನಿಗೆ ಹಾಕಿಸುತ್ತಾರೆ. "ಈ ಲಿಂಕ್ ಒತ್ತು, ಆಟ ಬರ್ತದ" ಎನ್ನುತ್ತಾರೆ. ಅದನ್ನು ಒತ್ತಬೇಡಿರಿ. ಆಟದ ಸಂಗಡ ಕಳ್ಳ ಫೈಲೂ ಫೋನಿನೊಳಗೆ ಬರಬಹುದು. ಆಟ ಬೇಕಾದರೆ ಪ್ಲೇ ಸ್ಟೋರಿನಿಂದಲೇ ತೆಗೆದುಕೊಳ್ಳಿರಿ. ಎಷ್ಟು ವಯಸ್ಸಿನವರು ಆಡಬಹುದು ಎಂದು ಅಲ್ಲಿಯೇ ಬರೆದಿರುತ್ತದೆ. ಅದನ್ನು ಓದಿರಿ.

ಗಿಲ್ಡ್ ಸೇರುವ ಮೊದಲು

1. ಮೊದಲು ಒಬ್ಬರೇ ಆಡಿ ಕೈ ಕೂಡಿಸಿಕೊಳ್ಳಿರಿ. ಓಡುವುದು, ಅಡಗುವುದು, ಗೆಳೆಯನನ್ನು ಎಬ್ಬಿಸುವುದು ಕಲಿಯಿರಿ. ಏನೂ ಬಾರದೆ ಹೋದರೆ ಗುಂಪಿಗೆ ಭಾರ, ನಿಮಗೂ ಬೇಜಾರು.

2. ಗುರುತಿನವರು ಇರುವ ಗಿಲ್ಡ್ ಹುಡುಕಿರಿ. ನಿಮ್ಮ ಓಣಿಯ ಹುಡುಗರು, ಶಾಲೆಯ ಗೆಳೆಯರು, ಅಕ್ಕಲಕೋಟೆಯ ಮಾವನ ಮಗ ಇದ್ದರೆ ಚಲೋ.

3. ಗಿಲ್ಡಿನ ಹೆಸರು ಹುಡುಕಿ 'ಸೇರುತ್ತೇನೆ' ಎಂದು ಕೋರಿಕೆ ಕಳಿಸಬೇಕು. ಅವರು ಒಪ್ಪಿದರೆ ನೀವು ಸದಸ್ಯರು. ಇದಕ್ಕೆ ಯಾರಿಗೂ ರೊಕ್ಕ ಕೊಡಬೇಕಾಗಿಲ್ಲ. "ಸೇರಬೇಕಾದ್ರ ನೂರು ರೂಪಾಯಿ ಹಾಕು" ಎಂದರೆ ಅದು ಮೋಸ.

4. ಆಟದ ಹೆಸರಿನಲ್ಲಿ ನಿಮ್ಮ ಪೂರ್ಣ ಹೆಸರು, ಊರು, ಫೋನ್ ನಂಬರ್ ಬರೆಯಬೇಡಿರಿ. ಬೇರೆ ಹೆಸರು ಇಟ್ಟುಕೊಳ್ಳಿರಿ. ಹೆಣ್ಣುಮಕ್ಕಳು ಫೋಟೋ ಹಾಕದೆ ಇರುವುದು ಒಳ್ಳೆಯದು.

ಸೇರಿದ ಮೊದಲ ವಾರ

ಮೊದಲು ನಿಯಮ ಓದಿರಿ. ಎಷ್ಟು ಗಂಟೆಗೆ ಆಡುತ್ತಾರೆ? ವಾರಕ್ಕೆ ಎಷ್ಟು ಅಂಕ ಬೇಕು? ಬರದಿದ್ದರೆ ತೆಗೆಯುತ್ತಾರೆಯೇ? ತಿಳಿಯದಿದ್ದರೆ ಕೇಳಿರಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಹೇಳಿದ ಹೊತ್ತಿಗೆ ಬನ್ನಿರಿ. ಬರಲು ಆಗದಿದ್ದರೆ ಮೊದಲೇ ತಿಳಿಸಿರಿ. "ರಾಶಿ ಕೆಲಸ ಅದ, ಈ ವಾರ ಬರಂಗಿಲ್ಲ" ಎಂದು ಒಂದು ಸಾಲು ಬರೆದರೆ ಸಾಕು. ಒಳ್ಳೆ ಗಿಲ್ಡ್ ಅದನ್ನು ಒಪ್ಪುತ್ತದೆ. ಒಪ್ಪದಿದ್ದರೆ ಆ ಗಿಲ್ಡ್ ನಿಮಗೆ ಬೇಡ.

ಸೋತಾಗ ಬೈಯಬೇಡಿರಿ. ಬೈದವರಿಗೆ ತಿರುಗಿ ಬೈಯಬೇಡಿರಿ. ಆಟದಲ್ಲಿ ಒಬ್ಬರ ದನಿ ಬಂದ್ ಮಾಡುವ ಗುಂಡಿ ಇದೆ. ಅವರನ್ನು ದೂರ ಇಡುವ ಗುಂಡಿ, ದೂರು ಕೊಡುವ ಗುಂಡಿಯೂ ಇದೆ. ಈ ಮೂರು ಗುಂಡಿ ಎಲ್ಲಿವೆ ಎಂದು ಮೊದಲ ದಿನವೇ ನೋಡಿಟ್ಟುಕೊಳ್ಳಿರಿ. ಹುಡುಗಿಯರ ಸಂಗಡ ಕೆಟ್ಟ ಮಾತಾಡುವವರು ಇರುತ್ತಾರೆ. ಅದು ಹುಡುಗಿಯ ತಪ್ಪಲ್ಲ. ಅವಳ ಫೋನ್ ಕಸಿದುಕೊಂಡರೆ ಮುಂದಿನ ಸಲ ಅವಳು ನಿಮಗೆ ಹೇಳುವುದೇ ಇಲ್ಲ. ಸಿಟ್ಟು ಮಾಡದೆ ಕೇಳಿರಿ.

ತಾಯಿ ಮಗನ ಮಾತು

ತಾಯಿ: ಇಷ್ಟೊತ್ನಾಗ ಯಾರ್ ಜೋಡಿ ಮಾತಾಡ್ಲಿಕತ್ತೀಯೋ?

ಮಗ: ನಮ್ಮ ಗಿಲ್ಡ್ ಲೀಡರ್ ಜೋಡಿ, ಅವ್ವಾ.

ತಾಯಿ: ಅಂವ ಯಾವ ಊರಾಂವ?

ಮಗ: ಗೊತ್ತಿಲ್ಲ. ಭಾಳ ಚಲೋ ಆಡ್ತಾನ.

ತಾಯಿ: ಏನ್ ಕೇಳ್ತಾನ ನಿನಗ?

ಮಗ: ಪಾಸ್‌ವರ್ಡ್ ಕೊಟ್ರ ನನ್ನ ಲೆವೆಲ್ ಏರಿಸ್ತಾನಂತ. ನಿನ್ನ ಫೋನಿಗೆ ಒಂದ್ ನಂಬರ್ ಬರ್ತದಂತ. ಅದನ್ನೂ ಹೇಳಬೇಕಂತ.

ತಾಯಿ: ತಾ ಇಲ್ಲಿ, ಓದ್ತೀನಿ. "ಓಟಿಪಿ ಯಾರಿಗೂ ಹೇಳಬೇಡಿ" ಅಂತ ಇಲ್ಲೇ ಬರದಾರಲ್ಲೋ! ನನ್ನ ಗಟದ ರೊಕ್ಕ, ತೊಗರಿ ಮಾರಿದ ರೊಕ್ಕ ಎಲ್ಲಾ ಇದೇ ನಂಬರಿನ ಖಾತೆದಾಗ ಅದಾವ. ಮನಿ ಕೀಲಿ ಕೇಳಿದಾಂವಗ ಕೊಡ್ತೀಯೇನು?

ಮಗ: ಕೊಡಲಿಲ್ಲಂದ್ರ ಗಿಲ್ಡಿನಿಂದ ತಗೀತೀನಿ ಅಂದಾನ.

ತಾಯಿ: ತಗೀಲಿ ಬಿಡು. ಗುಂಪು ಇನ್ನೊಂದು ಸಿಗ್ತದ. ದುಡದ ರೊಕ್ಕ ಹ್ಯಾಂಗ ಸಿಗ್ತದ?

ನೋಡಿದಿರಾ? ಈ ತಾಯಿಗೆ ಆಟ ಬಾರದು. ಆದರೆ ಒಂದು ಸಾಲು ಓದಲು ಬರುತ್ತದೆ. ಆ ಒಂದು ಸಾಲು ಮನೆಯ ರೊಕ್ಕ ಉಳಿಸಿತು. ನಿಮ್ಮ ಫೋನಿಗೆ ಇಂಥ ಸಂದೇಶ ಬೇರೆ ಭಾಷೆಯಲ್ಲಿ ಬಂದರೆ ಓದು ಬಂದವರಿಂದ ಓದಿಸಿಕೊಳ್ಳಿರಿ. ತಿಳಿಯದೆ ಯಾರಿಗೂ ಹೇಳಬೇಡಿರಿ.

ರೊಕ್ಕದ ವಿಚಾರ

ಫ್ರೀ ಫೈರ್ ಮ್ಯಾಕ್ಸ್ ಆಟದೊಳಗೆ 'ಡೈಮಂಡ್' ಎಂದು ಮಾರುತ್ತಾರೆ. ಇದು ನಿಜವಾದ ವಜ್ರ ಅಲ್ಲ. ಇದರಿಂದ ಆಟದೊಳಗಿನ ಬಟ್ಟೆ, ಬಂದೂಕಿನ ಬಣ್ಣ ಇಂಥವು ಸಿಗುತ್ತವೆ. ಆದರೆ ಕೊಡುವ ರೊಕ್ಕ ನಿಜವಾದದ್ದು. ಕೊಳ್ಳದೆಯೂ ಆಡಬಹುದು. "ಅಗ್ಗದಾಗ ಡೈಮಂಡ್ ಕೊಡ್ತೀನಿ" ಎನ್ನುವವರನ್ನು ನಂಬಬೇಡಿರಿ.

ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಒಂದು ಅನುಕೂಲ ಇದೆ. ಪ್ರತಿ ಸಲ ಏನಾದರೂ ಕೊಳ್ಳುವಾಗ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಇದನ್ನು ಇವತ್ತೇ ಮಾಡಿಸಿರಿ.

ಯುಪಿಐ ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ರೊಕ್ಕ ಹೋಗುತ್ತದೆ. ರೊಕ್ಕ ಬರಬೇಕಾದರೆ ಪಿನ್ ಬೇಕಾಗಿಲ್ಲ. "ನಿಮಗ ಬಹುಮಾನ ಬಂದದ, ಪಿನ್ ಒತ್ತರಿ" ಎಂದರೆ ಅದು ಸುಳ್ಳು.

ಇನ್ನೊಂದು ಮಾತು. "ತಲೆಗೆ ಐವತ್ತು ಹಾಕೋಣ, ಗೆದ್ದಾಂವ ಎಲ್ಲಾ ತೊಗೊಳ್ಳಲಿ" ಎಂದು ಗಿಲ್ಡಿನಲ್ಲಿ ಯಾರಾದರೂ ಹೇಳಿದರೆ ಅದು ಆಟ ಅಲ್ಲ, ಜೂಜು. 2025ರ ಆಗಸ್ಟಿನಲ್ಲಿ ಸಂಸತ್ತು ಒಂದು ಹೊಸ ಕಾನೂನು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳು ಅದಕ್ಕೆ ಅಂಕಿತ ಹಾಕಿದರು. ಹಣ ಹಾಕಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವುದು ಈ ಕಾನೂನಿನ ಪ್ರಕಾರ ಅಪರಾಧ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ. ಹಣ ಪಣಕ್ಕೆ ಇಡದ ಆಟಕ್ಕೆ ಅಡ್ಡಿ ಇಲ್ಲ.

ಮೋಸ ಆದರೆ ಏನು ಮಾಡಬೇಕು?

ಅಳುತ್ತ ಕೂಡಬೇಡಿರಿ. ಹುಡುಗನನ್ನು ಹೊಡೆಯುತ್ತ ಹೊತ್ತು ಕಳೆಯಬೇಡಿರಿ. ಕೂಡಲೇ 1930 ನಂಬರಿಗೆ ಫೋನ್ ಮಾಡಿರಿ. ಇದು ಸೈಬರ್ ಮೋಸದ ದೂರು ತೆಗೆದುಕೊಳ್ಳುವ ಸರ್ಕಾರದ ನಂಬರ್. ದೇಶದಲ್ಲಿ ಎಲ್ಲಿಂದಲೂ ಮಾಡಬಹುದು. ಬೇಗ ಹೇಳಿದರೆ ಹೋದ ರೊಕ್ಕ ಮುಂದೆ ಸಾಗದಂತೆ ತಡೆಯಬಹುದು. ತಡ ಆದರೆ ಕಷ್ಟ.

ಫೋನ್ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ:

ನಿಮ್ಮ ಹೆಸರು, ಫೋನ್ ನಂಬರ್.
ಬ್ಯಾಂಕಿನ ಹೆಸರು, ಖಾತೆ ನಂಬರ್.
ಎಷ್ಟು ರೊಕ್ಕ ಹೋಯಿತು? ಯಾವ ದಿನ, ಎಷ್ಟು ಗಂಟೆಗೆ?
ಯುಪಿಐನಿಂದ ಹೋಗಿದ್ದರೆ 12 ಅಂಕಿಯ ವ್ಯವಹಾರ ನಂಬರ್.

ಆಮೇಲೆ ಬ್ಯಾಂಕಿಗೆ ತಿಳಿಸಿರಿ. ಪೊಲೀಸ್ ಠಾಣೆಗೂ ಹೋಗಿರಿ. ಮರಾಠಿ, ಹಿಂದಿ ಮಾತಾಡಲು ಅಳುಕು ಇದ್ದರೆ ಗೊತ್ತಿದ್ದವರನ್ನು ಕರೆದುಕೊಂಡು ಹೋಗಿರಿ. ಮಗುವಿಗೆ ಯಾರಾದರೂ ಹೆದರಿಸಿದರೆ, ಫೋಟೋ ಕೇಳಿದರೆ 1098 ನಂಬರಿಗೆ ಹೇಳಬಹುದು. ಅದು ಮಕ್ಕಳ ಸಹಾಯವಾಣಿ.

ಹೊತ್ತಿನ ಲೆಕ್ಕ

ರೊಕ್ಕದ ಲೆಕ್ಕ ಇಟ್ಟಂತೆ ಹೊತ್ತಿನ ಲೆಕ್ಕವನ್ನೂ ಇಡಬೇಕು. ಗಿಲ್ಡಿನ ಆಟ ರಾತ್ರಿ ಹೊತ್ತು ಜೋರು. ಹನ್ನೆರಡು, ಒಂದು ಗಂಟೆ ಆದರೂ ಮುಗಿಯುವುದಿಲ್ಲ. ಮುಂಜಾನೆ ಶಾಲೆ ತಪ್ಪುತ್ತದೆ, ಕೂಲಿ ತಪ್ಪುತ್ತದೆ.

ಆಟದ ಗೀಳು ಒಂದು ರೋಗ ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಗೀಳಿನ ಗುರುತು ಮೂರು. ಒಂದು, ಬಿಡಬೇಕೆಂದರೂ ಬಿಡಲು ಆಗುವುದಿಲ್ಲ. ಎರಡು, ಊಟ, ಓದು, ಕೆಲಸಕ್ಕಿಂತ ಆಟವೇ ಮೊದಲು ಆಗುತ್ತದೆ. ಮೂರು, ಹಾನಿ ಕಂಡರೂ ಆಡುತ್ತಲೇ ಇರುತ್ತಾರೆ. ಇದು ಬಹಳ ದಿನ, ಸಾಮಾನ್ಯವಾಗಿ ಒಂದು ವರ್ಷ ನಡೆದರೆ ರೋಗ ಎನ್ನುತ್ತಾರೆ. ಆದರೆ ಅಲ್ಲಿವರೆಗೆ ಕಾಯಬೇಡಿರಿ. 14416 ನಂಬರಿಗೆ ಫೋನ್ ಮಾಡಿ ಸಲಹೆ ಕೇಳಬಹುದು. ಇದು ಮನಸ್ಸಿನ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಸೇವೆ. ಇದಕ್ಕೆ ರೊಕ್ಕ ಇಲ್ಲ.

ಮನೆಯಲ್ಲಿ ಕೂತು ಒಂದು ಠರಾವು ಮಾಡಿರಿ. ಗಟದ ಸಭೆಯಲ್ಲಿ ಮಾಡುತ್ತೀರಲ್ಲ, ಹಾಗೆ. ಎಷ್ಟು ಹೊತ್ತು ಆಟ? ಎಷ್ಟು ಗಂಟೆಗೆ ಫೋನ್ ಬಂದ್? ಮಗನೇ ತನ್ನ ಕೈಯಿಂದ ಬರೆಯಲಿ. ನೀವು ಸಹಿ ಮಾಡಿರಿ. ಹೆಬ್ಬೆಟ್ಟು ಬೇಡ, ಈಗ ನಿಮಗೆ ಸಹಿ ಬರುತ್ತದೆ. ಆ ಹಾಳೆಯನ್ನು ಗೋಡೆಗೆ ಅಂಟಿಸಿರಿ.

ಆಟ ಕೆಟ್ಟದ್ದಲ್ಲ. ಕೂಡಿ ಆಡುವವನು ಹೊತ್ತು ಪಾಲಿಸುವುದು, ಮಾತು ಕೇಳುವುದು, ಸೋಲು ತಾಳುವುದು ಕಲಿಯುತ್ತಾನೆ. ಆದರೆ ಗುಂಪು ಸೇರುವವನ ಕಣ್ಣು ತೆರೆದಿರಬೇಕು. ಮನೆಯವರಿಗೂ ಆ ಗುಂಪು ಗೊತ್ತಿರಬೇಕು.

ಹೊಸ ಪದಗಳು

ಗಿಲ್ಡ್: ಆಟಗಾರರ ಗುಂಪು
ಲೀಡರ್: ಗುಂಪಿನ ಮುಖಂಡ
ಪಾಸ್‌ವರ್ಡ್: ಗುಟ್ಟಿನ ಶಬ್ದ
ಓಟಿಪಿ: ಒಂದೇ ಸಲ ನಡೆಯುವ ಗುಟ್ಟಿನ ನಂಬರ್
ಪಣ: ಗೆಲುವಿಗಾಗಿ ಇಡುವ ಹಣ
ಗೀಳು: ಬಿಡಲಾಗದ ಚಟ

ಓದಿ ಉತ್ತರ ಹೇಳಿರಿ

1. ತಾಲೀಮಿನ ವಸ್ತಾದನಿಗೂ ಗಿಲ್ಡಿನ ಲೀಡರಿಗೂ ಇರುವ ಫರಕು ಏನು?
2. ಐನೂರ್ವರ ಸಂಘ ಯಾವ ಊರಿನ ಹೆಸರಿನಲ್ಲಿ ಬೆಳೆಯಿತು?
3. ರೊಕ್ಕ ಬರಬೇಕಾದರೆ ಪಿನ್ ಒತ್ತಬೇಕೆ?
4. ಮೋಸ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಆ ನಂಬರನ್ನು ನಿಮ್ಮ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.